ಮಾವನ ಆಷಾಢ ಪ್ರವಾಸ

ಪ್ಯಾರಿಸ್ಸಿಗೆ ಹೋಗಿ ಅಲ್ಲಿನ ಗೋಪುರ ನೋಡದೆ ವಾಪಸ್ಸು ಬಂದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಒಬ್ಬ ಇದ್ದರೆ, ಅದು ನಮ್ಮ ಮಾವ. ಅಷ್ಟು ಎತ್ತರದ ವಸ್ತುವನ್ನು ನೋಡದೆ ಇರಬೇಕಾದರೆ ಎಷ್ಟು ಶ್ರಮ ಪಡಬೇಕು, ಯೋಚಿಸಿ! ಮನೆಗಳ ಸಂದಿಯಲ್ಲಿ ಅದರ ತುದಿ ಇಣುಕಿದ ಕೂಡಲೇ ಮಾವ ಬೆನ್ನು ತಿರುಗಿಸಿ ಇನ್ನೊಂದು ದಿಕ್ಕಿಗೆ ನಡೆದರಂತೆ. "ಊರೋರೆಲ್ಲಾ ಅದನ್ನೇ ನೋಡ್ತಾ ಇದ್ರು ಕಣೋ. ನಾನೊಬ್ಬ ನೋಡ್ದೇ ಇದ್ರೆ ಅದೇನು ಬೇಜಾರು ಮಾಡ್ಕೊಳುತ್ತಾ?"

ಮಾವ ಎಂದರೆ ನಮ್ಮಮ್ಮನ ತಮ್ಮ. ವಿಜಯನಗರದಲ್ಲಿ ಪುಟ್ಟ ಸ್ಟುಡಿಯೋ ಇಟ್ಟುಕೊಂಡು ಮದುವೆ ಫೋಟೋ ತೆಗೆಯುವುದು ಅವರ ಕಸುಬು. ನಮ್ಮ ಕಡೆಯ ಅರ್ಧದಷ್ಟು ದಂಪತಿಗಳಿಗೆ "ಸ್ವಲ್ಪ ಹತ್ರ ಬನ್ನಿ, ಇನ್ನೂ ಹತ್ರ" ಎಂದು ಮೊಟ್ಟಮೊದಲು ಹೇಳಿದವರು ಇವರೇ. ಸ್ವತಃ ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ, "ನನ್ನ ಮದುವೆ ಫೋಟೋ ಯಾರು ತೆಗೀತಾರೆ? ಬೇರೆಯೋರ ಕೆಲಸ ನನಗೆ ಹಿಡಿಸಲ್ಲ" ಎನ್ನುತ್ತಾರೆ. ಆಷಾಢದಲ್ಲಿ ಮದುವೆಗಳಿಲ್ಲ. ಹೊಸ ಸೊಸೆಯಂದಿರೆಲ್ಲ ತವರಿಗೆ ಹೊರಡುವ ಹೊತ್ತಿಗೆ ಮಾವ ವಿದೇಶಕ್ಕೆ ಹೊರಡುತ್ತಾರೆ.

ಅಲ್ಲಿ ಅವರು ಮಾಡುವುದು ಒಂದೇ ಕೆಲಸ, ನಡೆಯುವುದು. ಟ್ಯಾಕ್ಸಿ ಇಲ್ಲ, ಟೂರ್ ಬಸ್ಸಿಲ್ಲ, ಗೈಡ್ ಅಂತೂ ಇಲ್ಲವೇ ಇಲ್ಲ. ಎಡಕ್ಕೆ ಸಿಕ್ಕ ಸಂದಿಗೆ ನುಗ್ಗುವುದು, ಬಲಕ್ಕೆ ಸಿಕ್ಕ ಮೆಟ್ಟಿಲು ಇಳಿಯುವುದು. ಹೀಗೆ ಅವರು ಕಂಡುಹಿಡಿದ ಪ್ರೇಕ್ಷಣೀಯ ಸ್ಥಳಗಳಾದರೂ ಯಾವುವು? ಒಣಹಾಕಿದ ಬಟ್ಟೆ, ಹೊಸ್ತಿಲಲ್ಲಿ ಮಲಗಿದ ನಾಯಿ, ಕ್ಷೌರದಂಗಡಿಯ ಖಾಲಿ ಕುರ್ಚಿ! ರೋಮಿನಿಂದ ಬಂದ ವರ್ಷ ಅಮ್ಮ ಕನ್ನಡಕ ಹಾಕಿಕೊಂಡು ಆ ಚಿತ್ರಗಳನ್ನೆಲ್ಲ ನೋಡಿದಳು.

"ಇದು ನಮ್ಮ ಮೂಡಲಪಾಳ್ಯದ ಹಿಂದಿನ ರಸ್ತೆ ಅಲ್ವೇನೋ?"

"ಅಕ್ಕಾ, ರೋಮ್ ಅದು!"

"ರೋಮಲ್ಲೂ ಮೋರಿ ಮುಚ್ಚಿಲ್ವಾ?"

"ಮೋರಿ ಬಿಡು. ಗೋಡೆ ಮೇಲೆ ಬಿದ್ದಿರೋ ಬೆಳಕು ನೋಡು."

"ಬೆಳಕೇನೋ ಸರಿ. ನಿಜವಾಗ್ಲೂ ಹೋಗಿದ್ಯೋ, ಇಲ್ಲ ಕೆಂಗೇರೀಲಿ ರೂಮ್ ಮಾಡ್ಕೊಂಡು ಇದ್ದು ಬಂದ್ಯೋ?"

ಮನೆಯವರು ಹೀಗೆ. ಸ್ಟುಡಿಯೋದಲ್ಲಿ, ಪಾಸ್‌ಪೋರ್ಟ್ ಫೋಟೋಗೆ ಬಂದವರನ್ನು ಕೂರಿಸಿಕೊಂಡು ಮಾವ ಕಂಪ್ಯೂಟರಿನಲ್ಲಿ ರೋಮ್ ತೋರಿಸುತ್ತಾರೆ. ಅವರು ಎರಡು ಚಿತ್ರ ನೋಡಿ, "ಸಾರ್, ನಮ್ದು ಪ್ರಿಂಟ್ ಆಯ್ತಾ?" ಎನ್ನುತ್ತಾರೆ.

ಇಸ್ತಾನ್‌ಬುಲ್ಲಿನ ಕಥೆಯನ್ನಂತೂ ಯಾರೂ ನಂಬಲಿಲ್ಲ. ದಡದಲ್ಲಿ ದೋಣಿಗೆ ಕಾಯುತ್ತ ನಿಂತಿದ್ದ ಜನರನ್ನು ಕಂಡಾಗ ಮಾವನಿಗೆ ತಡೆಯಲಾಗಲಿಲ್ಲವಂತೆ. "ಅಜ್ಜಿ, ನೀವು ಮಧ್ಯ. ಎತ್ತರದೋರು ಹಿಂದೆ. ಮಕ್ಕಳು ಕೆಳಗೆ ಕೂತ್ಕೊಳಿ. ಏ ಕೆಂಪು ಶರ್ಟು, ಗದ್ದ ಇಳಿಸಪ್ಪಾ!" ಎಲ್ಲವೂ ಅಪ್ಪಟ ಕನ್ನಡದಲ್ಲಿ. ಒಬ್ಬರ ಗುರುತು ಇನ್ನೊಬ್ಬರಿಗಿಲ್ಲದ ಆ ಜನ ಒಂದೇ ಮನೆಯ ಬೀಗರ ಹಾಗೆ ಸಾಲಾಗಿ ನಿಂತರಂತೆ! ದೋಣಿ ಬಂತು. ಯಾರೂ ಅಲುಗಲಿಲ್ಲ. ಯಾಕೆ? ಮಾವ ಇನ್ನೂ "ಆಯ್ತು" ಅಂದಿರಲಿಲ್ಲ! ದೋಣಿ ಹೊರಟೇಹೋಯಿತು. ಇದಕ್ಕೆ ಫೋಟೋ ಸಾಕ್ಷಿಯೂ ಇದೆ. ಚಿಕ್ಕಮ್ಮ ಅದನ್ನು ನೋಡಿ, "ಯಾರದೋ ರಿಸೆಪ್ಷನ್ ಫೋಟೋ ತಂದಿದಾನೆ" ಎಂದು ಪಕ್ಕಕ್ಕಿಟ್ಟಳು.

ಎಷ್ಟು ನಕ್ಕರೂ ಮಾವ ಕೋಪಿಸಿಕೊಳ್ಳುವವರಲ್ಲ. ಅವರಿಗೆ ಬೇಕಿದ್ದದ್ದು ಇಷ್ಟೇ: ಜೊತೆಗೆ ನಡೆಯಲು ಒಬ್ಬರು. ಊರಿಗೆ ಬಂದ ಮೇಲೆ "ಹೌದು, ನಾನೂ ನೋಡಿದೆ" ಎನ್ನಲು ಒಬ್ಬರು. ಜ್ಯೇಷ್ಠ ಮಾಸದ ಕೊನೆಯ ಮದುವೆ ಮುಗಿಯುತ್ತಿದ್ದಂತೆ ಎಲ್ಲರನ್ನೂ ಕರೆಯಲು ಶುರುಮಾಡುತ್ತಿದ್ದರು. ಅಮ್ಮನಿಗೆ ಮಂಡಿನೋವು. ಚಿಕ್ಕಮ್ಮನಿಗೆ ಅಲ್ಲಿ ಅನ್ನ ಸಾರು ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ಸ್ಟುಡಿಯೋ ಪಕ್ಕದ ಟೈಲರ್ ಒಬ್ಬರು "ಬರ್ತೀನಿ ಸಾರ್" ಎಂದು ಒಪ್ಪಿ ಶೂ ಕೂಡ ಕೊಂಡಿದ್ದರು. ದಿನವಿಡೀ ನಡೆಯಬೇಕು ಎಂದು ತಿಳಿದ ಸಂಜೆಯೇ ಆ ಶೂ ಅವರ ಅಳಿಯನ ಪಾಲಾಯಿತು. ಮಾವ ಪ್ರತಿ ವರ್ಷವೂ ಒಬ್ಬರೇ ಹೊರಟರು.

ಹೋದ ಆಷಾಢದಲ್ಲಿ ನಾನು ಜೊತೆಯಾದೆ. ಜ್ಞಾನಭಾರತಿಯಲ್ಲಿ ತತ್ವಶಾಸ್ತ್ರ ಓದಿದಂದಿನಿಂದ ನನಗೆ ಎಲ್ಲದರ ಮೇಲೂ ಅನುಮಾನ. ಒಂದು ಕೆಲಸದಲ್ಲಿ ನಿಂತವನಲ್ಲ, ಒಂದು ಅಭಿಪ್ರಾಯದಲ್ಲೂ ನಿಂತವನಲ್ಲ. ಮಾವನ ಕಥೆಗಳಲ್ಲಿ ಎಷ್ಟು ನಿಜ, ಒಮ್ಮೆ ಪರೀಕ್ಷಿಸಿಯೇ ಬಿಡೋಣ ಎಂದುಕೊಂಡೆ. ಹೋದದ್ದು ಲಿಸ್ಬನ್ನಿಗೆ. ಪರೀಕ್ಷಕನ ಗತಿ ಏನಾಯಿತು ಗೊತ್ತೇ? ಆ ಊರಿನಲ್ಲಿ ನನಗೆ ಇಂದಿಗೂ ಖಚಿತವಾಗಿ ಗೊತ್ತಿರುವುದು ನನ್ನ ಬಲಗಾಲಿನ ಹಿಮ್ಮಡಿ ಮಾತ್ರ! ಹೊಸ ಶೂ ಕಚ್ಚಿತ್ತು. ಊರೋ, ಪೂರ್ತಿ ಏರು; ಏರಿಲ್ಲದ ಕಡೆ ಮೆಟ್ಟಿಲು. ಹಳದಿ ಟ್ರಾಮೊಂದು ನನ್ನ ನೆನಪಿನಲ್ಲಿ ಓಡಾಡುತ್ತದೆ. ಅದು ನಾನು ಕಣ್ಣಾರೆ ಕಂಡದ್ದೋ, ವಿಮಾನದಲ್ಲಿ ಓದಿದ ಪತ್ರಿಕೆಯ ಚಿತ್ರವೋ, ಆಣೆ ಮಾಡಿ ಹೇಳಲಾರೆ.

ಒಂದು ಸಂಜೆ, ಇಕ್ಕಟ್ಟಾದ ಓಣಿಯ ಮೆಟ್ಟಿಲ ಮೇಲೆ ಶೂ ಬಿಚ್ಚಿ ಕೂತಿದ್ದೆ. ಸ್ವಲ್ಪ ಮುಂದೆ ಹೋಗಿದ್ದ ಮಾವ ಓಡೋಡಿ ಬಂದರು.

"ನೋಡಿದ್ಯಾ? ಕುದುರೆ ಕಣೋ! ಮೇಲ್ಗಡೆ ಮನೆ ಕಿಟಕೀಲಿ ತಲೆ ಆಚೆ ಹಾಕ್ಕೊಂಡು ಬೀದಿ ನೋಡ್ತಿತ್ತು!"

"ಕುದುರೆನಾ? ಮಹಡೀಲಾ? ಫೋಟೋ ತೆಗೆದ್ರಾ ಮಾವ?"

"ಕಾರ್ಡ್ ಫುಲ್ ಆಗೋಗಿತ್ತು."

ಯಾವುದರಿಂದ ಎಂದು ಬೇರೆ ಹೇಳಬೇಕೆ? ಒಣಹಾಕಿದ ಬಟ್ಟೆಗಳಿಂದ! ಒಂದು ಟವೆಲ್ಲನ್ನು ಅಳಿಸಿ ಕುದುರೆಗೆ ಜಾಗ ಮಾಡುವಷ್ಟರಲ್ಲಿ ಯಾರೋ ಒಳಗಿನಿಂದ ಕಿಟಕಿ ಹಾಕಿಬಿಟ್ಟರಂತೆ. ನಾನು ಆಗ ತಲೆ ಎತ್ತಿ ನೋಡಿದ್ದೆನೆ? ಇರಬಹುದು. ಹಸಿರು ಬಣ್ಣದ ಕಿಟಕಿ ಕಂಡ ಹಾಗೆ ನೆನಪು. ಅದು ತೆರೆದಿತ್ತೋ, ಮುಚ್ಚಿತ್ತೋ?

ಆಮೇಲೆ ನದಿ ದಂಡೆಯ ಕಟ್ಟೆಯ ಮೇಲೆ ಕೂತು, ಅಮ್ಮ ಕಟ್ಟಿಕೊಟ್ಟಿದ್ದ ಚಕ್ಕುಲಿ ಮುರಿಯುತ್ತ ಮಾವ ಹೇಳಿದರು: "ಒಬ್ನೇ ನೋಡಿದ್ದು ಸ್ವಲ್ಪ ದಿನ ಆದ್ಮೇಲೆ ಕನಸಿನ ಥರ ಆಗೋಗುತ್ತೆ ಕಣೋ. ದೋಣಿ ಹತ್ರ ಆ ಜನ ನಿಂತ್ಕೊಂಡ್ರಲ್ಲ, ಈಗೀಗ ನನಗೇ ಡೌಟು. ಫೋಟೋ ಇದ್ರೂ ಡೌಟು. ಪಕ್ಕದಲ್ಲಿ ಒಬ್ರು ಇರ್ಬೇಕು."

ಅನುಮಾನ ಪಡುವುದರಲ್ಲೇ ಪದವಿ ಪಡೆದವನು ನಾನು. ಆದರೂ ಅವರ ಕೈಗೆ ಇನ್ನೊಂದು ಚಕ್ಕುಲಿ ಕೊಟ್ಟೆ.

ಈಚೆಗೆ ಬಸವೇಶ್ವರನಗರದಲ್ಲಿ ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣ. ಹೋಳಿಗೆ ಊಟ ಮುಗಿಸಿ ಎಲ್ಲರೂ ಎಲೆ ಅಡಿಕೆ ತಟ್ಟೆಯ ಸುತ್ತ ಕೂತಿದ್ದಾಗ ಮಾವ ಕುದುರೆಯ ಕಥೆ ತೆಗೆದರು. ನಗುವೋ ನಗು!

"ಲಿಫ್ಟಲ್ಲಿ ಹೋಗಿತ್ತೇನೋ ಅದು?" ಎಂದಳು ಚಿಕ್ಕಮ್ಮ.

"ಬಾಡಿಗೆಗಿತ್ತಾ, ಲೀಸ್‌ಗಾ?" ಎಂದಳು ಅಮ್ಮ.

ಮಾವನೂ ನಕ್ಕರು. ನಗುತ್ತಲೇ ನನ್ನ ಕಡೆ ತಿರುಗಿದರು. "ಈ ಸಲ ನಾನೊಬ್ನೇ ಇರ್ಲಿಲ್ಲ. ಇವನಿದ್ದ ಜೊತೇಲಿ. ಬೇಕಾದ್ರೆ ಕೇಳಿ."

ಎಲ್ಲರೂ ನನ್ನನ್ನೇ ನೋಡಿದರು. ಏನನ್ನೂ ನಂಬದವನು ಎಂದು ಮನೆಯಲ್ಲಿ ಹೆಸರಾದವನು ನಾನು. ಆ ಕಾರಣಕ್ಕೇ ಆ ದಿನ ನನ್ನ ಮಾತಿಗೆ ತೂಕ. ತಲೆಯೊಳಗೆಲ್ಲ ಹುಡುಕಿದೆ. ಮೆಟ್ಟಿಲು ಸಿಕ್ಕಿತು, ಹಿಮ್ಮಡಿ ಸಿಕ್ಕಿತು, ಕಿಟಕಿಯೂ ಸಿಕ್ಕಿತು. ಮಾವ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದ್ದರು.

"ಹೌದು, ನಾನೂ ನೋಡಿದೆ" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಬಾರದಿತ್ತೇ? ಸಾಕ್ಷಿ ಗಟ್ಟಿಯಾಗಲಿ ಎಂದು ಸೇರಿಸಿದೆ: "ಬಿಳೀ ಕುದುರೆ."

"ಬಿಳೀನಾ? ಕಂದು..." ಎಂದವರು ಅಲ್ಲೇ ತಡೆದರು. ಗುಂಪಿನ ಫೋಟೋದಲ್ಲಿ ಯಾರು ಕಣ್ಣು ಮುಚ್ಚಿದ್ದಾರೆ ಎಂದು ಹುಡುಕುವ ಹಾಗೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಮೆಲ್ಲಗೆ, "ಹೌದು ಹೌದು, ಬಿಳೀದೇ. ಸಂಜೆ ಬೆಳಕಲ್ವಾ, ನನಗೆ ಕಂದು ಥರ ಕಾಣಿಸ್ತು. ಇವನಿಗೆ ಸರಿಯಾಗಿ ಕಂಡಿದೆ" ಎಂದರು.

ಬೆಳಕಿನ ವಿಷಯದಲ್ಲಿ ಮಾವ ಈವರೆಗೆ ಯಾರಿಗೂ ಸೋತವರಲ್ಲ. ಅವತ್ತು ಸೋತರು. ತಮಗೆಂದು ಸುಣ್ಣ ಸವರಿದ್ದ ಎಲೆಯನ್ನು ಮಡಚಿ ನನ್ನ ಕೈಗಿಟ್ಟರು.

ಆ ಕುದುರೆ ಈಗ ನನಗೂ ಕಾಣುತ್ತದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಬೀದಿ ನೋಡುತ್ತಿರುತ್ತದೆ. ಬಣ್ಣ ಮಾತ್ರ ಕಂದು.