ಸ್ಪರ್ಧೆಯ ನಡುವೆ ಕುದುರೆಯಿಂದ ಇಳಿಯುವವರ ಬಗ್ಗೆ

ಮೂರು ತಾಲೂಕುಗಳ ಜಂಟಿ ಅಶ್ವಕ್ರೀಡಾ ಶಾಖೆ
ಶಿಬಿರ: ಮಸ್ಕಿ

ಸಂಖ್ಯೆ: ಅಶ್ವ/ಇಳಿ/07/2025-26

ವಿಷಯ: ಓಟದ ಮಧ್ಯೆ ಸವಾರರು ಬೀಳದೆ, ತಾವಾಗಿಯೇ ಕೆಳಗಿಳಿಯುತ್ತಿರುವ ಅಶಿಸ್ತನ್ನು ತಡೆಗಟ್ಟುವ ಕುರಿತು.

ಉಲ್ಲೇಖ: 1. ನಿನ್ನೆ ಏಳನೇ ಅಡೆತಡೆಯ ಮುಂದೆ ನಡೆದ ಸಂಗತಿ.
2. ಕುದುರೆ ಮಾಲೀಕ ಜಿಲಾನಿಸಾಬರ ಮೌಖಿಕ ತಕರಾರು (ಚಹಾದಂಗಡಿಯ ಮುಂದೆ, ನಿಂತುಕೊಂಡು ಸಲ್ಲಿಸಿದ್ದು).
3. ಕೆಳಸಹಿದಾರರ ಸ್ವಂತ ತಿಳಿವಳಿಕೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಶಾಖೆಯ ಮೂರು ದಿನಗಳ ಕುದುರೆ ಪಂದ್ಯವು ಜಾರಿಯಲ್ಲಿರುವುದು ಸರಿಯಷ್ಟೆ. ಮೊದಲ ದಿನ ಸಿಂಧನೂರಿನಲ್ಲಿ ನಡಿಗೆ, ಎರಡನೇ ದಿನ ಬಳಗಾನೂರಿನಿಂದ ಮಸ್ಕಿವರೆಗೆ ಅಡೆತಡೆ ದಾಟುವ ಬಯಲೋಟ, ಮೂರನೇ ದಿನ ಲಿಂಗಸುಗೂರಿನಲ್ಲಿ ಜಿಗಿತ. ಸವಾರರ ಕೊರತೆಯ ಕಾರಣ ಅಧೀಕ್ಷಕರಾದ ವೀರೇಂದ್ರ, ಅಂದರೆ ಕೆಳಸಹಿದಾರರು, ಶಾಖೆಯ ಕುದುರೆ ಸುಲ್ತಾನನನ್ನು ಏರಿ ಖುದ್ದು ಸ್ಪರ್ಧಿಸುತ್ತಿದ್ದು, ತಮ್ಮ ಅರ್ಜಿಯನ್ನು ತಾವೇ ಪರಿಶೀಲಿಸಿ ತಾವೇ ಮಂಜೂರು ಮಾಡಿಕೊಂಡಿರುವುದು ನಿಯಮಬದ್ಧವಾಗಿದೆ. ಸದ್ಯ ಅವರೇ ಮುಂದಿದ್ದಾರೆ. ಇಂದು ಮಧ್ಯಾಹ್ನ ಮೂರಕ್ಕೆ ಸುಲ್ತಾನ ಜಿಗಿದರೆ ಬೆಳ್ಳಿ ಕಪ್ ಅವರದು. ಹನ್ನೆರಡು ವರ್ಷದ ನೌಕರಿಯಲ್ಲಿ ಅವರಿಗೆ ಇದುವರೆಗೆ ಸಿಕ್ಕಿರುವುದು ಒಂದು ಗೋಡೆ ಗಡಿಯಾರ, ಅದೂ ನಡೆಯುವುದಿಲ್ಲ ಎಂಬುದನ್ನು ಸಂದರ್ಭೋಚಿತವಾಗಿ ನಮೂದಿಸಲಾಗಿದೆ.

ಹೀಗಿರುವಲ್ಲಿ, ನಿನ್ನೆ ಅವರಿಗಿಂತ ಮುಂದಿದ್ದ ಕುಮಾರಿ ನಾಹಿದಾ ಎಂಬ ಸವಾರರು ಏಳನೇ ಅಡೆತಡೆಯ ಮುಂದೆ ಯಾರ ಅಪ್ಪಣೆಯೂ ಇಲ್ಲದೆ ಕೆಳಗಿಳಿದು, ಕುದುರೆಯನ್ನು ಲಗಾಮು ಹಿಡಿದು ಮಸ್ಕಿವರೆಗೆ ನಡೆಸಿಕೊಂಡು ಬಂದಿರುತ್ತಾರೆ. ಸದರಿ ಕುದುರೆಯು ಅವರ ಅಜ್ಜ ಜಿಲಾನಿಸಾಬರ ಮದುವೆ ಮೆರವಣಿಗೆಯ ಬಿಳಿ ಕುದುರೆ ಮೋತಿ. ಶಾಮಿಯಾನ ಕಂಡಲ್ಲಿ ನಿಂತು, ಮುಂಗಾಲೆತ್ತಿ ಕುಣಿದು, ಬಾಯಿಗೆ ನೆನೆಸಿದ ಕಡಲೆ ಬೀಳುವ ತನಕ ಕದಲದಿರುವುದು ಅದರ ವೃತ್ತಿಧರ್ಮ. ಈ ಸೀಮೆಯ ಎಲ್ಲ ಮದುಮಕ್ಕಳಿಗೂ ಇದು ಗೊತ್ತು. ಅತಿಥಿಗಳ ಶಾಮಿಯಾನವನ್ನು ಶಾಖೆಯು ಏಳನೇ ಅಡೆತಡೆಯ ಪಕ್ಕದಲ್ಲೇ ಹಾಕಿಸಿತ್ತು. ಮೋತಿ ನಿಂತು ಕಾಲೆತ್ತಿದ ಕೂಡಲೇ ಅತಿಥಿಗಳು ಚಪ್ಪಾಳೆ ತಟ್ಟಿದರು, ಬ್ಯಾಂಡಿನವರು ಮದುವೆ ಹಾಡು ಎತ್ತಿಕೊಂಡರು, ಮೂವರು ಸಿಬ್ಬಂದಿ ಕಡಲೆ ಹಿಡಿದು ಓಡಿದರು. ಕೆಳಸಹಿದಾರರು ನಗುತ್ತಲೇ ಪಕ್ಕದಿಂದ ದಾಟಿ ಮುಂದೆ ಹೋದರು.

ವಿಚಾರಣೆಯಲ್ಲಿ ನಾಹಿದಾ ಅವರು ಹೇಳಿದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಕುಣಿಯೋವಾಗ ಇಕಿ ಎತ್ತೋದು ಬಲಗಾಲು ರೀ. ನಿನ್ನೆ ಎತ್ತಿದ್ದು ಎಡಗಾಲು. ಕಡ್ಲಿ ಕೊಟ್ರೂ ಬಾಯಿ ಬಿಡಲಿಲ್ಲ. ಹಂಗಿದ್ದಾಗ ನಾ ಮ್ಯಾಲ ಕುಂತು ಏನ್ ಮಾಡ್ಲಿ?"

ಇಂಥ ಪ್ರಶ್ನೆಗಳು ಮುಂದೆ ಏಳದಂತೆ ಕೆಳಕಂಡ ನಿಯಮಗಳನ್ನು ಹೊರಡಿಸಲಾಗಿದೆ.

1. ಓಟದ ಮಧ್ಯೆ ಇಳಿಯಲಿಚ್ಛಿಸುವ ಸವಾರರು ಮೂರು ದಿನ ಮುಂಚಿತವಾಗಿ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಕುದುರೆಯ ಒಪ್ಪಿಗೆಯೆಂದು ಅದರ ಎಡ ಮುಂಗಾಲಿನ ಗೊರಸಿನ ಗುರುತನ್ನು ಪಡೆಯತಕ್ಕದ್ದು. ಅದೇ ಕಾಲು ನೋಯುತ್ತಿದ್ದಲ್ಲಿ ನೋವು ಪೂರ್ತಿ ವಾಸಿಯಾದ ನಂತರ ಪಡೆದು, ಹಿಂದಿನ ದಿನಾಂಕ ಹಾಕುವುದು.

2. ಕುದುರೆಗಳು ಕುಂಟುವುದಿದ್ದಲ್ಲಿ ಕಚೇರಿ ವೇಳೆಯಲ್ಲಿ, ಊಟದ ವಿರಾಮ ಹೊರತುಪಡಿಸಿ ಕುಂಟತಕ್ಕದ್ದು. ಎರಡನೇ ಶನಿವಾರ ಕುಂಟಿದ್ದನ್ನು ಯಾವ ಕಾರಣಕ್ಕೂ ಪರಿಗಣಿಸಲಾಗುವುದಿಲ್ಲ.

3. ಎತ್ತಿದ ಕಾಲು ಕುಣಿತವೋ ಕುಂಟೋ ಎಂದು ತೀರ್ಮಾನಿಸಲು ಬ್ಯಾಂಡಿನ ಒಬ್ಬರು, ಶಾಮಿಯಾನದ ಒಬ್ಬರು ಮತ್ತು ಕಡಲೆ ನೆನೆಸಿದವರು ಸೇರಿ ತ್ರಿಸದಸ್ಯ ಸಮಿತಿ ರಚಿಸಲಾಗಿದೆ. ವರದಿ ಬರುವವರೆಗೆ ಎತ್ತಿದ ಎಲ್ಲ ಕಾಲುಗಳನ್ನೂ ಕುಣಿತವೆಂದೇ ಭಾವಿಸಲಾಗುವುದು. ಇದಕ್ಕೆ ಜಿಲಾನಿಸಾಬರ ಆಕ್ಷೇಪಣೆ: "ಲೇ ವೀರೇಂದ್ರ, ನಿಮ್ಮಪ್ಪನ ಮದಿವ್ಯಾಗ ಈ ಮೋತಿಯ ಅಜ್ಜಿನ್ನ ಕುಣಿಸಿದಾಂವ ನಾ. ಕುಣಿಯೋದು ಯಾವುದು, ನರಳೋದು ಯಾವುದು, ನನಗ ಕಲಸಾಕ ಬಂದೀಯೇನು?" ಇದರಲ್ಲಿನ 'ಲೇ' ಎಂಬುದನ್ನು ಮಾತ್ರ ಕಡತದಿಂದ ತೆಗೆದುಹಾಕಲು ಆದೇಶಿಸಲಾಗಿದೆ.

4. ಚಾವಟಿ ಏಟು ಇಡೀ ಓಟಕ್ಕೆ ಮೂರು ಮಾತ್ರ. ಬಳಸದೆ ಉಳಿದ ಏಟುಗಳನ್ನು ಮುಂದಿನ ವರ್ಷಕ್ಕೆ ಒಯ್ಯುವುದಾಗಲಿ, ಬೇರೆ ಸವಾರರ ಹೆಸರಿಗೆ ವರ್ಗಾಯಿಸುವುದಾಗಲಿ ನಿಷಿದ್ಧ. ಕೆಳಸಹಿದಾರರು ಹೊಡೆದದ್ದು ಮೂರೇ ಎಂದು ಅವರ ನೆನಪು. ಲಾಯ ನೋಡಿಕೊಳ್ಳುವ ಸಂಗಮ್ಮನವರು ಕಸಬರಿಗೆ ಹಿಡಿದೇ ಕಚೇರಿಗೆ ಬಂದು, "ಹನ್ನೊಂದು ಬಿದ್ದಾವ ರೀ ಸಾಹೇಬ್ರ. ಮೈ ತೊಳಿಯೋವಾಗ ಎಣಿಸೀನಿ" ಎಂದು ಹೇಳಿಕೆ ಕೊಟ್ಟಿದ್ದಾರೆ. ಎಣಿಕೆ ಅವರ ಕರ್ತವ್ಯ ಪಟ್ಟಿಯಲ್ಲಿ ಇಲ್ಲವೆಂದು ಅವರಿಗೆ ತಿಳಿಸಲಾಗಿದೆ.

5. ಕುದುರೆಯ ಏದುಸಿರು ಬ್ಯಾಂಡಿಗಿಂತ ಜೋರಾಗಿ ಕೇಳಿಸಿದಲ್ಲಿ ಬ್ಯಾಂಡಿನವರು ಇನ್ನಷ್ಟು ಜೋರಾಗಿ ಬಾರಿಸತಕ್ಕದ್ದು.

6. ಓಟದ ನಂತರ ಮೇವು ಮುಟ್ಟದ ಕುದುರೆಯು ವ್ರತದಲ್ಲಿದೆಯೆಂದು ತಿಳಿಯತಕ್ಕದ್ದು. ಸುಲ್ತಾನ ನಿನ್ನೆಯಿಂದ ವ್ರತದಲ್ಲಿದ್ದಾನೆ. "ಯಾವ ವ್ರತ ರೀ ಇದು, ನೀರೂ ಕುಡಿಯವಲ್ಲ?" ಎಂಬ ಸಂಗಮ್ಮನವರ ಪ್ರಶ್ನೆಯನ್ನು ಪರಿಶೀಲನೆಯಲ್ಲಿ ಇಡಲಾಗಿದೆ.

7. ಜಿಗಿತಕ್ಕೆ ಮುನ್ನ ಪ್ರತಿ ಕುದುರೆಯನ್ನೂ ಅಧಿಕಾರಿಯೊಬ್ಬರು ನಡೆಸಿ, ಮುಟ್ಟಿ ನೋಡಿ, ಯೋಗ್ಯತಾ ಪತ್ರಕ್ಕೆ ಸಹಿ ಮಾಡಬೇಕೆಂಬುದು ಹಳೆಯ ನಿಯಮ. ಸದರಿ ಅಧಿಕಾರಿ ಎಂದರೆ ಕೆಳಸಹಿದಾರರೇ. ಸುಲ್ತಾನನ ಪತ್ರದಲ್ಲಿ 'ಯೋಗ್ಯ' ಎಂದು ಗುಮಾಸ್ತರು ಮೊದಲೇ ಟೈಪು ಮಾಡಿಟ್ಟಿದ್ದರು. ಬರೀ ಸಹಿ ಬಾಕಿ. ಆದರೂ ಮೇಲಿನ ಆರು ಕಲಮುಗಳು ಟೈಪಾಗುತ್ತಿರುವಾಗ, ಸಂಗಮ್ಮನ ಎಣಿಕೆ ಸುಳ್ಳೆಂದು ತೋರಿಸುವ ಏಕೈಕ ಉದ್ದೇಶದಿಂದ ಕೆಳಸಹಿದಾರರು ಬೆಳಗ್ಗೆ ಎಂಟಕ್ಕೆ ಲಾಯಕ್ಕೆ ಹೋಗಿರುತ್ತಾರೆ. ಬಲಪಕ್ಕೆಯ ಮೇಲೆ ಕೈಯಾಡಿಸಿ ಬಾಸುಂಡೆಗಳನ್ನು ಎಣಿಸತೊಡಗಿದರು. ನಾಲ್ಕನೆಯದಕ್ಕೆ ಬೆರಳು ತಾಗಿದಾಗ ಸುಲ್ತಾನನ ಇಡೀ ಮೈ ನಡುಗಿತು. ಅಲ್ಲಿಂದ ಮುಂದೆ ಅವರಿಗೆ ಎಣಿಸಲು ಆಗಲಿಲ್ಲ.

8. ಆದ್ದರಿಂದ 'ಯೋಗ್ಯ' ಎಂಬುದನ್ನು ಹೊಡೆದುಹಾಕಿ, 'ಯೋಗ್ಯನಲ್ಲ. ಸವಾರನೂ ಅಲ್ಲ' ಎಂದು ಕೈಬರಹದಲ್ಲಿ ತಿದ್ದಿ ಸಹಿ ಮಾಡಲಾಗಿದೆ. ಸುಲ್ತಾನ ಇಂದು ಜಿಗಿಯುವುದಿಲ್ಲ. ಕೆಳಸಹಿದಾರರಿಗೆ ನಾಚಿಕೆಯಾಗಿದೆ. ಇದಕ್ಕೆ ಪ್ರತ್ಯೇಕ ನಮೂನೆ ಇಲ್ಲದ್ದರಿಂದ ಇಲ್ಲಿಯೇ ದಾಖಲಿಸಲಾಗಿದೆ.

9. ಕಲಮು 1ರಿಂದ 6ರವರೆಗಿನವು ಟೈಪಾಗಿ ಹೋಗಿರುವುದರಿಂದ ಹಾಗೆಯೇ ಇರುತ್ತವೆ. ಯಾರೂ ಪಾಲಿಸತಕ್ಕದ್ದಲ್ಲ. ಇಳಿಯಬೇಕು ಅನ್ನಿಸಿದವರು ಇಳಿಯತಕ್ಕದ್ದು.

ಸಹಿ/-
(ವೀರೇಂದ್ರ)
ಅಧೀಕ್ಷಕರು, ಜಂಟಿ ಅಶ್ವಕ್ರೀಡಾ ಶಾಖೆ

ಪ್ರತಿಗಳು:

1. ಕುಮಾರಿ ನಾಹಿದಾ ಅವರಿಗೆ. ಇದು ನೋಟಿಸಲ್ಲ. ಮೋತಿಯ ಕಾಲಿಗೆ ಕಟ್ಟಿರುವ ಔಷಧದ ಪಟ್ಟು ಯಾವುದೆಂದು ತಿಳಿಸಬೇಕಾಗಿ ವಿನಂತಿ.

2. ಗುರುಗುಂಟಾದ ಆದೆಪ್ಪ ಅವರಿಗೆ. ಮೂರನೇ ಸ್ಥಾನದಲ್ಲಿದ್ದ ತಾವು ಈಗ ಒಬ್ಬರೇ ಉಳಿದಿದ್ದು, ಕಪ್ ಒಯ್ಯಲು ಚೀಲದೊಂದಿಗೆ ಬರತಕ್ಕದ್ದು. ತಮ್ಮ ಕುದುರೆ ನಿನ್ನೆ ಎಲ್ಲ ಅಡೆತಡೆಗಳನ್ನೂ ಪಕ್ಕದಿಂದ ಸುತ್ತಿ ಬಂದಿರುವುದನ್ನು ತೀರ್ಪುಗಾರರು ನೋಡಿಲ್ಲ.

3. ಬ್ಯಾಂಡಿನವರಿಗೆ, ಸುಮ್ಮನಿರಲು.

4. ಸಂಗಮ್ಮನವರಿಗೆ. ಎಣಿಕೆಯ ಕೆಲಸವನ್ನು ಅವರ ಕರ್ತವ್ಯ ಪಟ್ಟಿಗೆ ಸೇರಿಸಲಾಗಿದೆ.

5. ಸುಲ್ತಾನನಿಗೆ. ಲಾಯದಲ್ಲಿ ಖುದ್ದು ಓದಿ ಹೇಳಲಾಯಿತು. ಮುಖ ಗೋಡೆಯ ಕಡೆಗಿದೆ, ಸ್ವೀಕೃತಿ ಬಂದಿಲ್ಲ. ಕೆಳಸಹಿದಾರರು ನೀರಿನ ಬಕೀಟು ಹಿಡಿದು ಕಾಯುತ್ತಿದ್ದಾರೆ.