ನನ್ನ ಪಕ್ಕದ ಸೀಟು ಬಿಟ್ಟು ಏಳದ ಕಾವಲುದೂತರಿಗೆ

ಮಾನ್ಯರೇ,

ನಾನು ಹುಟ್ಟಿದ ಗಳಿಗೆಯಿಂದ ಇಂದು ಬೆಳಗಿನವರೆಗೆ ಒಂದು ದಿನವೂ ರಜೆ ಹಾಕದೆ ನನ್ನ ಎಡಗಡೆ ಹಾಜರಿರುವ ತಮಗೂ, ತಮ್ಮ ಎರಡೂ ರೆಕ್ಕೆಗಳಿಗೂ, ತಮ್ಮನ್ನು ಈ ಕೆಲಸಕ್ಕೆ ನೇಮಿಸಿದ ಮೇಲಿನವರಿಗೂ ನನ್ನ ಗೌರವಪೂರ್ವಕ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮಗೆ ಆಯಾಸವಾಗುವಂಥದ್ದೇನೂ ನನ್ನ ಬದುಕಿನಲ್ಲಿ ನಡೆದಿಲ್ಲವಾದ್ದರಿಂದ ಹಾಗೆ ನಂಬಲು ಅಡ್ಡಿಯಿಲ್ಲ. ಈ ವಿಷಯವನ್ನು ತಮಗೊಬ್ಬರಿಗೇ ಹೇಳಬಹುದಿತ್ತು. ದಿಂಬಿಗೆ ಮುಖವಿಟ್ಟು ಹಲವು ಸಲ ಹೇಳಿಯೂ ಇದ್ದೇನೆ. ಉತ್ತರ ಬಾರದ ಕಾರಣ ಊರೆಲ್ಲ ಓದುವಂತೆ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ.

ತಮಗೆ ನೆನಪಿರಬಹುದು, ನಮ್ಮಿಬ್ಬರ ಪರಿಚಯ ಮಾಡಿಸಿದವರು ನನ್ನ ಅಜ್ಜಿ. ಪ್ರತಿ ಮಗುವಿಗೂ ಒಬ್ಬ ಕಾವಲುದೂತ ಇರುತ್ತಾನೆ, ದಿನವಿಡೀ ನಿಂತು ಅವನ ಕಾಲು ನೋಯುತ್ತದೆ, ಆದ್ದರಿಂದ ಎಲ್ಲಿ ಕೂತರೂ ಎಡಗಡೆ ಅವನಿಗೆ ಜಾಗ ಬಿಡಬೇಕು ಎಂಬುದು ಅವರು ನಮ್ಮ ಮನೆಯಲ್ಲಿ ನಡೆಸಿಕೊಂಡು ಬಂದ ಕಾನೂನು. ಊಟಕ್ಕೆ ಕೂತಾಗ ಬೆಂಚಿನ ಮೇಲೆ ಅಂಗೈಯಿಟ್ಟು ಅಳತೆ ನೋಡಿ, "ಇನ್ನೂ ಸ್ವಲ್ಪ ಸರಿ ಮಗಾ, ರೆಕ್ಕೆ ಮಡಚ್ಕೊಂಡು ಕೂರ್ಬೇಕಲ್ಲ ಅದು" ಎನ್ನುತ್ತಿದ್ದರು. ನಾನು ಸರಿದೆ. ಅಜ್ಜಿ ತೀರಿಕೊಂಡ ಮೇಲೆ, ಆ ಜಾಗ ತುಂಬಿಸಿದರೆ ಅವರನ್ನು ಇನ್ನೊಂದು ಸಲ ಕಳೆದುಕೊಂಡಂತೆ ಅನ್ನಿಸಿ, ಈಗಲೂ ಸರಿದೇ ಕೂರುತ್ತೇನೆ.

ನನ್ನ ತಂಗಿಯಾದರೋ ಶಾಲೆಗೆ ಸೇರಿದ ವರ್ಷವೇ ತನ್ನ ಪಾಲಿನ ದೂತನಿಗೆ ನಿಂತುಕೊಳ್ಳಲು ಹೇಳಿ ಬೆಂಚಿನ ತುಂಬ ಕೂತಳು. ಅವನು ಮುನಿಸಿಕೊಂಡು ಹೊರಟೇಹೋದನೋ ಏನೋ, ಅವಳು ಗೋಡೆಯಿಂದ ಬಿದ್ದು ಕೈ ಮುರಿದುಕೊಂಡಳು, ಸೇರಿದ ಕೆಲಸವನ್ನೆಲ್ಲ ಜಗಳವಾಡಿ ಬಿಟ್ಟಳು, ಮನೆಯವರು ಬೇಡವೆಂದವನನ್ನೇ ಹಟಹಿಡಿದು ಮದುವೆಯಾದಳು. ಇಷ್ಟೆಲ್ಲ ಅನಾಹುತದ ಫಲವಾಗಿ ಇವತ್ತು ಅವಳ ಮನೆಯಲ್ಲಿ ಗಂಡ, ಮಕ್ಕಳು, ನಾದಿನಿ ಮತ್ತು ಒಂದು ಕುಂಟು ನಾಯಿ ಸೇರಿಕೊಂಡು, ನಾನು ಹೋದಾಗ ಕೂರಲು ಒಂದು ಖಾಲಿ ಕುರ್ಚಿಯೂ ಸಿಗುವುದಿಲ್ಲ. ನನ್ನ ಮನೆಯಲ್ಲಿ ಆ ತೊಂದರೆಯಿಲ್ಲ. ತಮ್ಮ ಕುರ್ಚಿಯನ್ನು ದಿನಾ ಬೆಳಿಗ್ಗೆ ಒರೆಸಿಡುತ್ತೇನೆ.

ತಮ್ಮ ಸೇವೆಯಲ್ಲಿ ಲೋಪ ಹುಡುಕುವಷ್ಟು ಕೃತಘ್ನಳು ನಾನಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸುಗಳನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವ ಕೆಲಸ ನನ್ನದು. ನನ್ನ ಜೊತೆಯವರ ಬೆರಳುಗಳನ್ನು ನೋಡಿದರೆ ತಮ್ಮ ಬೆಲೆ ತಿಳಿಯುತ್ತದೆ, ನನ್ನ ಬೆರಳಲ್ಲಿ ಒಂದು ಗೀರೂ ಇಲ್ಲ. ನಾನು ಜಾರಿ ಬಿದ್ದಿಲ್ಲ, ದಾರಿ ತಪ್ಪಿಲ್ಲ, ಯಾರ ಮಾತಿಗೂ ಮರುಳಾಗಿಲ್ಲ, ಯಾರೂ ನನ್ನ ಮಾತಿಗೆ ಮರುಳಾಗದಂತೆಯೂ ತಾವು ನೋಡಿಕೊಂಡಿದ್ದೀರಿ. ಶಾಲೆಯ ಗ್ರೂಪ್ ಫೋಟೋದಿಂದ ಹಿಡಿದು ತಂಗಿಯ ಮದುವೆ ಫೋಟೋದವರೆಗೆ, ಎಲ್ಲದರಲ್ಲೂ ನನ್ನ ಎಡಗಡೆ ಬಾಗಿಲಿನಷ್ಟು ಅಗಲದ ಖಾಲಿ ಜಾಗವಿದೆ. ತಾವು ನನ್ನನ್ನು ಎಷ್ಟು ಚೆನ್ನಾಗಿ ಕಾಪಾಡಿದ್ದೀರೆಂದರೆ, ಮಾನ್ಯರೇ, ನನಗೆ ಏನೂ ಆಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಾವಿಬ್ಬರೂ ದಿನಾ ಕೆಲಸಕ್ಕೆ ಹೋಗುವ ಬಸ್ಸಿಗೆ ನೀರಿನ ಟ್ಯಾಂಕಿನ ಸ್ಟಾಪಿನಲ್ಲಿ ಒಬ್ಬರು ಬೀಗ ರಿಪೇರಿಯವರು ಹತ್ತುತ್ತಾರೆ. ಬಸ್ಸಿನಲ್ಲಿ ಕಾಣುವ ಮೊದಲೇ ಅವರು ನಮ್ಮ ಅಂಗಡಿಗೆ ಬಂದಿದ್ದರು, ಓದುವ ಕನ್ನಡಕಕ್ಕೆ. ಅದರ ಲೆನ್ಸು ಕೂರಿಸಿದವಳು ನಾನೇ. ಎಲ್ಲರೂ ಗೋಡೆಯ ಮೇಲಿನ ಅಕ್ಷರ ಓದಿ ಪರೀಕ್ಷಿಸಿದರೆ ಇವರು ಜೇಬಿನಿಂದ ಒಂದು ಬೀಗದ ಕೈ ತೆಗೆದು, ಅದರ ಹಲ್ಲುಗಳನ್ನು ಹತ್ತಿರ ಹಿಡಿದು ನೋಡಿ, ತಮ್ಮಷ್ಟಕ್ಕೆ ತಾವು ನಕ್ಕರು. ಪರದೆಯ ಸಂದಿಯಿಂದ ನಾನು ಅದನ್ನು ನೋಡಿದ್ದು ತಮಗೂ ಗೊತ್ತು. ಆ ವಾರವೇ ಅವರು ಬಸ್ಸಿನಲ್ಲಿ ಸಲಕರಣೆ ಪೆಟ್ಟಿಗೆ ಹಿಡಿದು ನನ್ನ ಸೀಟಿನ ಬಳಿ ಬಂದು, "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು. ನನ್ನ ಬಾಯಿ ನನ್ನನ್ನೊಂದು ಮಾತೂ ಕೇಳದೆ "ಇದ್ದಾರೆ" ಅಂದುಬಿಟ್ಟಿತು.

ಅವರು ಖಾಲಿ ಸೀಟನ್ನು ನೋಡಿದರು, ನನ್ನನ್ನು ನೋಡಿದರು, ನಗಲಿಲ್ಲ. ಕ್ಷಮಿಸಿ ಎಂದರು; ಹೇಳಿದ್ದು ನನಗೋ ತಮಗೋ ತಿಳಿಯಲಿಲ್ಲ. ಪೆಟ್ಟಿಗೆಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕೊನೆಯವರೆಗೆ ನಿಂತೇ ಬಂದರು. ಆದರೆ ಮರುದಿನ ಒದ್ದೆ ಕೊಡೆಯ ಮಹಾಶಯರೊಬ್ಬರು ಕೇಳದೆ ಗೀಳದೆ ಧೊಪ್ಪೆಂದು ಅದೇ ಸೀಟಿನಲ್ಲಿ ಕೂತು, ನನ್ನ ಭುಜದ ಮೇಲೆ ತಲೆಯಿಟ್ಟು ಗೊರಕೆ ಹೊಡೆದಾಗ ತಾವು ಚಕಾರವೆತ್ತಲಿಲ್ಲ. ಕೇಳದೆ ಕೂರುವವರಿಗೆ ತಾವು ಎದ್ದು ಜಾಗ ಕೊಡುತ್ತೀರಿ, ಕೇಳಿ ಕೂರುವವರನ್ನು ಮಾತ್ರ ನನ್ನ ಬಾಯಿಂದಲೇ ಓಡಿಸುತ್ತೀರಿ. ಇದು ಯಾವ ಸೀಮೆಯ ನ್ಯಾಯವೆಂದು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಬೀಗದ ಪುಣ್ಯಾತ್ಮರು, ದಿನಾ ಬಸ್ಸು ತಪ್ಪಿಸಿಕೊಳ್ಳುವ ಯಾರಿಗೋ ನಾನು ಸೀಟು ಹಿಡಿದಿಟ್ಟಿದ್ದೇನೆಂದು ತಿಳಿದುಕೊಂಡಿದ್ದಾರೆ. "ಇವತ್ತೂ ಬರ್ಲಿಲ್ವಾ ಅವ್ರು?" ಎಂದು ದಿನಾ ವಿಚಾರಿಸುತ್ತಾರೆ. ನಾನು ತಲೆಯಾಡಿಸಿದರೆ, "ಬರ್ತಾರೆ ಬಿಡಿ" ಎಂದು ಸಮಾಧಾನ ಹೇಳುತ್ತಾರೆ. ಒಮ್ಮೆಯಂತೂ ಕಂಡಕ್ಟರಿಗೆ ಹೇಳಿ ಬಸ್ಸನ್ನೇ ನಿಲ್ಲಿಸಿಕೊಂಡರು. ಇಡೀ ಬಸ್ಸು ಕಿಟಕಿಯಿಂದ ಕತ್ತು ಚಾಚಿ ತಮ್ಮ ದಾರಿ ಕಾಯುತ್ತಿದ್ದಾಗ ತಾವು ನನ್ನ ಪಕ್ಕದಲ್ಲೇ ಆರಾಮವಾಗಿ ಕೂತಿದ್ದಿರಿ. ನಾನು ನಾಚಿಕೆಯಿಂದ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದೆ.

ಹೋದ ವಾರ ಅವರು, ತಮ್ಮ ಅಂಗಡಿಯಿರುವ ಕಟ್ಟಡವನ್ನು ಕೆಡವುತ್ತಾರೆಂದೂ ತಿಂಗಳ ಕೊನೆಗೆ ಅಂಗಡಿ ಸೇತುವೆಯಾಚೆ ಹೋಗುತ್ತದೆಂದೂ ಹೇಳಿದರು. ಅಲ್ಲಿಗೆ ಬೇರೆ ಬಸ್ಸು. ಇಳಿಯುವಾಗ ಹಿಂತಿರುಗಿ, "ಅವ್ರು ಬಂದ್ರೆ ನನ್ನ ನಮಸ್ಕಾರ ಹೇಳಿ" ಎಂದರು. ಆ ದಿನ ನಾನು ಒಬ್ಬರ ಎಡಗಣ್ಣಿನ ಲೆನ್ಸನ್ನು ಬಲಗಡೆಗೆ ಕೂರಿಸಿದೆ. ಆ ಬೀಗದವರು ನನ್ನ ಪಕ್ಕದಲ್ಲಿ ಕೂರಬೇಕೆಂದು ನನಗೆ ಆಸೆಯಿದೆ, ಮಾನ್ಯರೇ. ಇದನ್ನು ಇದಕ್ಕಿಂತ ವಿನಯವಾಗಿ ಹೇಳಲು ನನಗೆ ಬರುವುದಿಲ್ಲ.

ಆದ್ದರಿಂದ ಬರುವ ಸೋಮವಾರದಿಂದ ತಾವು ದಯಮಾಡಿ ಸೀಟು ತೆರವು ಮಾಡಬೇಕಾಗಿ ಪ್ರಾರ್ಥನೆ. ಮೇಲೆ ಸಾಮಾನಿಡುವ ಕಂಬಿಗಳ ಮೇಲೆ ತಾವು ಕಾಲು ಚಾಚಿ ಮಲಗಬಹುದು. ರೆಕ್ಕೆಯಿರುವವರು ಬಸ್ಸಿನಲ್ಲೇ ಬರಬೇಕೆಂಬ ನಿಯಮವಿಲ್ಲವಾದರೆ ಪಕ್ಕದಲ್ಲೇ ಹಾರಿಕೊಂಡು ಬನ್ನಿ, ಕಿಟಕಿ ತೆರೆದಿಟ್ಟಿರುತ್ತೇನೆ. ಡ್ರೈವರ್ ಪಕ್ಕದ ಜಾಗ ಇನ್ನೂ ಉತ್ತಮ. ಕಂಡಕ್ಟರ್ ಜೊತೆ ಹರಟುತ್ತ ಹಿಂದೆ ತಿರುಗಿ ಬಸ್ಸು ಓಡಿಸುವ ಆ ಮನುಷ್ಯರಿಗೆ ತಮ್ಮ ಅಗತ್ಯ ನನಗಿಂತ ಹೆಚ್ಚು. ಜೊತೆಗೆ, ನನಗೆ ಆಗಾಗ ಏನಾದರೂ ಆಗಲು ತಾವು ಅನುಮತಿಸಬೇಕು. ಮೊದಲಿಗೆ ಸಣ್ಣದು ಸಾಕು. ಅಕ್ಕಪಕ್ಕದ ಮನೆಗಳ ಬೀಗಗಳೆಲ್ಲ ಸರದಿಯಂತೆ ಕೆಡುತ್ತಿರುವಾಗ ನನ್ನ ಬೀಗ ಮಾತ್ರ ತಮ್ಮ ಕೃಪೆಯಿಂದ ತುಕ್ಕು ಸಹ ಹಿಡಿದಿಲ್ಲ. ಅಲ್ಲಿಂದ ಶುರುಮಾಡಿದರೂ ಆದೀತು.

ಅಜ್ಜಿ ಅಲ್ಲೇ ಎಲ್ಲಾದರೂ ಸಿಕ್ಕರೆ, ಮೊಮ್ಮಗಳು ಜಾಗ ಬಿಡುವುದನ್ನು ಮರೆತಿಲ್ಲ, ಬೇರೆಯವರಿಗೆ ಬಿಟ್ಟಿದ್ದಾಳೆ ಅಷ್ಟೇ ಎಂದು ಹೇಳಿ. ಅವರು ಬೈಯುವುದಿಲ್ಲ. ತಮ್ಮ ಕಾಲುನೋವಿನ ಬಗ್ಗೆ ವಿಚಾರಿಸಬಹುದು.

ಇಂದಿನವರೆಗೂ ಕಿಟಕಿಗೆ ಒತ್ತಿಕೊಂಡೇ ಕೂತಿರುವ,
ತಮ್ಮ ವಿಶ್ವಾಸಿ

ತಾ.ಕ.: ತಾವು ಏಳುತ್ತೀರೋ ಇಲ್ಲವೋ ತಿಳಿಯುವ ಉಪಾಯ ನನ್ನಲ್ಲಿಲ್ಲ. ಆದ್ದರಿಂದ ಸೋಮವಾರ ಅವರು "ಇವತ್ತೂ ಬರ್ಲಿಲ್ವಾ ಅವ್ರು?" ಎಂದು ಕೇಳಿದಾಗ ಹೇಳಬೇಕಾದ್ದನ್ನು ಅಂಗಡಿಯ ಕನ್ನಡಿಯ ಮುಂದೆ ಬಾಯಿಪಾಠ ಮಾಡಿಕೊಂಡಿದ್ದೇನೆ. "ಬಂದ್ರು, ಕೂತ್ಕೊಳ್ಳಿ." ಆಗಲೂ ತಾವು ಅಲ್ಲೇ ಇದ್ದರೆ ಅವರ ಸಲಕರಣೆ ಪೆಟ್ಟಿಗೆ ನೇರವಾಗಿ ತಮ್ಮ ತೊಡೆಯ ಮೇಲೆ ಬರುತ್ತದೆ, ಅದು ಬಹಳ ಭಾರವಿದೆ.