ಕಂಡಕ್ಟರ್ ಭಾವನ ಹತ್ತಿಸುವ ಪೆಟ್ಟಿಗೆ

“ನೀಲಾ, ನಲವತ್ತೆಂಟು ಸೀಟಿನ ಬಸ್ಸಲ್ಲಿ ನೂರಾ ಹತ್ತು ಜನನ್ನ ಹೊಂದಿಸಿದೋನು ನಾನು. ಒಂದು ಪ್ರೋಗ್ರಾಮ್ ಹೊಂದಿಸಕ್ಕೆ ಆಗಲ್ವಾ?”

ಹೀಗೆಂದವರು ನನ್ನ ಗಂಡನ ಅಣ್ಣ, ಸಿದ್ಧಬಸಪ್ಪ ಭಾವ. ಮೂವತ್ತು ವರ್ಷ ಕಂಡಕ್ಟರ್ ಆಗಿದ್ದು, ನಿವೃತ್ತಿಯ ಮಾರನೇ ದಿನವೇ ವಿಜ್ಞಾನಿಯಾದವರು. ಕೈಯಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಹಿಡಿದು ಮನೆಯ ಮುಂದಿನ ಕೋಣೆಯಲ್ಲಿರುವ ನನ್ನ ಅಂಗಡಿಯ ನಡುವೆ ನಿಂತಿದ್ದರು.

ನನ್ನ ಸಂಕಟ ಕೇಳಿ. ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮದುಮಗಳ ಬ್ಲೌಸ್ ಹೊಲಿಯುತ್ತಿದ್ದೇನೆ, ಒಬ್ಬಳನ್ನೂ ಅಳಿಸಿಲ್ಲ. ಎಂಬ್ರಾಯ್ಡರಿ ಯಂತ್ರಕ್ಕೆ ಡಿಸೈನು ಕಳಿಸುವ ಪ್ರೋಗ್ರಾಮ್ ಇದ್ದ ಹಳೇ ಕಂಪ್ಯೂಟರ್ ಮೊನ್ನೆ ಕಣ್ಣು ಮುಚ್ಚಿತು. ಹೊಸದು ಬೇರೆ ಮನೆತನದ್ದು! ಹಳೇ ಪ್ರೋಗ್ರಾಮನ್ನು ಹೊಸ್ತಿಲೊಳಗೂ ಬಿಟ್ಟುಕೊಳ್ಳಲಿಲ್ಲ. ನಾಳೆ ರೇಣುಕಾಳ ಮದುವೆ, ಇವತ್ತು ಸಂಜೆ ಬ್ಲೌಸ್ ಒಯ್ಯಲು ಬರುತ್ತಾಳೆ, ಬೆನ್ನ ಮೇಲೆ ಅವಳು ಕೇಳಿದ ನವಿಲೇ ಇಲ್ಲ!

“ಯಾವ ಪ್ರೋಗ್ರಾಮನ್ನಾದ್ರೂ ಯಾವ ಕಂಪ್ಯೂಟರಿಗಾದ್ರೂ ಹತ್ತಿಸುತ್ತೆ ಇದು. ಎರಡೂ ಕಡೆಯವರಿಗೂ ಸ್ವಲ್ಪ ಸರಕೊಳ್ರಿ ಅಂತ ಹೇಳುತ್ತೆ, ಅಷ್ಟೇ!” ಎಂದು ಭಾವ ಗುಂಡಿ ತಿರುಗಿಸಿದರು.

ಪೆಟ್ಟಿಗೆ ಥೇಟ್ ಭಾವನ ದನಿಯಲ್ಲೇ ಕೂಗಿತು: “ಹತ್ರೀ, ಹತ್ರೀ! ಒಳಗೆ ಹೋಗ್ರಿ, ಹಿಂದ್ಗಡೆ ಖಾಲಿ ಐತೆ!”

ಪರದೆಯ ಮೇಲೆ ನವಿಲು ಬಂದೇಬಿಟ್ಟಿತು! ಯಂತ್ರ ಟಕಟಕ ಎನ್ನುತ್ತ ಜರಿದಾರದಲ್ಲಿ ಕೊಕ್ಕು ಹೊಲಿಯಿತು. ಖುಷಿಗೆ ನನಗೆ ಅಳುವೇ ಬಂತು.

ಆದರೆ ಪೆಟ್ಟಿಗೆಯ ಬಾಯಿ ನಿಲ್ಲಲಿಲ್ಲ. “ಇನ್ನೂ ಜಾಗ ಐತೆ, ಬರ್ರಿ, ಬರ್ರಿ!”

“ಭಾವ, ಹತ್ತಿದ್ದಾಯ್ತಲ್ಲ, ನಿಲ್ಲಿಸ್ರೀ!”

“ಬಸ್ ತುಂಬದೆ ರೈಟ್ ಹೇಳಿ ನನಗೆ ಅಭ್ಯಾಸ ಇಲ್ಲಮ್ಮ. ಅದಕ್ಕೂ ಕಲಿಸಿಲ್ಲ.”

ಹಿತ್ತಲಲ್ಲಿ ವಾಷಿಂಗ್ ಮಷಿನ್ ಗಕ್ಕನೆ ನಿಂತಿತು. ಅದರ ಪ್ರೋಗ್ರಾಮ್ ಓಡಿಬಂದು ನನ್ನ ಕಂಪ್ಯೂಟರ್ ಹತ್ತಿತ್ತು! ಹಿಂದೆಯೇ ನಮ್ಮ ಟಿವಿ ಕಪ್ಪಾಯಿತು. ಎದುರು ಹೋಟೆಲಿನ ಮಹೇಶ್ವರಪ್ಪ ಸೌಟು ಹಿಡಿದೇ ಓಡಿಬಂದರು.

“ಸಿದ್ಧಬಸಣ್ಣ, ನನ್ನ ದೋಸೆ ಮಷಿನ್ ಸತ್ತೋತು! ಗಿರಾಕಿಗಳು ನನ್ನನ್ನೇ ಹುರಿದು ತಿಂತಾರೆ!”

ಇತ್ತ ಬ್ಲೌಸ್ ಬಿಗಿದಿದ್ದ ಚೌಕಟ್ಟು ಬಟ್ಟೆ ಒಗೆಯುವ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಾಡತೊಡಗಿತು.

“ಅಯ್ಯೋ ನನ್ನ ಬ್ಲೌಸು! ಎಲ್ಲಾರ್ನೂ ಇಳಿಸ್ರೀ!” ಎಂದು ಕಿರುಚಿದೆ.

ಭಾವ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರು. “ಇಳೀರಿ, ಬೇಗ ಇಳೀರಿ, ಟೈಮಾಯ್ತು!” ಎಂದಿತು ಪೆಟ್ಟಿಗೆ. ಆ ನೂಕುನುಗ್ಗಲಲ್ಲಿ ಯಾರು ಎಲ್ಲಿ ಇಳಿದರೋ ಯಾರಿಗೆ ಗೊತ್ತು! ಟಿವಿ ಸೋಪಿನ ಪುಡಿ ಕೇಳಿತು. ವಾಷಿಂಗ್ ಮಷಿನ್ ಧಾರಾವಾಹಿಯ ಹಾಡು ಶುರು ಮಾಡಿತು. ಹೋಟೆಲಿನ ಹೆಂಚಿನ ಮೇಲೆ ಜುಟ್ಟು, ಗರಿ ಸಮೇತ ಗರಿಗರಿ ನವಿಲುದೋಸೆ ಎದ್ದಿತು, ಜನ ಎರಡೆರಡು ಕೇಳಿದರು!

ನನ್ನ ಎಂಬ್ರಾಯ್ಡರಿ ಯಂತ್ರವೂ ಹುರುಪಿನಿಂದ ಹೊಲಿಯುತ್ತಿತ್ತು. ಅದು ನಿಲ್ಲುವುದಕ್ಕೂ ರೇಣುಕಾ ತಾಯಿಯೊಡನೆ ಒಳಗೆ ಬರುವುದಕ್ಕೂ ಸರಿಹೋಯಿತು.

ಬ್ಲೌಸಿನ ಬೆನ್ನ ತುಂಬ ದುಂಡಗೆ, ಹೊಂಬಣ್ಣದ ದೋಸೆ! ನವಿಲಿನ ಕೊಕ್ಕು ಅದರಡಿ ಮುಚ್ಚಿಹೋಗಿತ್ತು. ಅಂಚಿಗೆ ಕಂದು ದಾರ, ನಡುವೆ ಬಿಳಿ ರೇಷ್ಮೆಯ ಬೆಣ್ಣೆ, ಪಕ್ಕದಲ್ಲಿ ಹಳದಿ ಗುಡ್ಡೆ.

“ಏನ್ರೀ ಇದು? ನವಿಲೆಲ್ಲಿ?” ಎಂದರು ತಾಯಿ. ನನ್ನ ಇಪ್ಪತ್ತೆರಡು ವರ್ಷದ ಹೆಸರು ಮಣ್ಣುಪಾಲಾಯಿತು ಎಂದುಕೊಂಡೆ.

ರೇಣುಕಾ ಬ್ಲೌಸನ್ನು ಬೆನ್ನಿಗೆ ಹಿಡಿದು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿದಳು. “ಅಮ್ಮಾ, ಹುಣ್ಣಿಮೆ ಚಂದ್ರ! ಪಕ್ಕದಾಗೆ ಮೋಡ ನೋಡು! ನವಿಲು ಎಲ್ಲಾರ ಬೆನ್ನ ಮೇಲೂ ಇರುತ್ತೆ. ಇದು ನಂಗೊಬ್ಬಳಿಗೇ!” ಎಂದು ಬಂದು ನನ್ನನ್ನು ತಬ್ಬಿಕೊಂಡಳು.

ಅವಳ ಮನಸ್ಸು ಬದಲಾಗುವ ಮೊದಲೇ ನಾನು ಬ್ಲೌಸ್ ಮಡಿಸಿ ಚೀಲಕ್ಕೆ ಹಾಕಿದೆ. ಭಾವ ಮಾತ್ರ ಎಲ್ಲಾ ತಮ್ಮ ಲೆಕ್ಕದಂತೆಯೇ ಆಯಿತೆಂಬಂತೆ ಮೀಸೆ ತಿರುವಿದರು.

ಮದುವೆಯಲ್ಲಿ ನೋಡಿದವರು ಐದು ಜನ ಅದೇ ಚಂದ್ರ ಬೇಕೆಂದು ಬಂದಿದ್ದಾರೆ. ಮಹೇಶ್ವರಪ್ಪನವರ ಮಗಳೊಬ್ಬಳೇ ಡಿಸೈನಿನ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದಳು: “ಆಂಟಿ, ನನಗೆ ಪಲ್ಯ ಬೇಡ.”